ಬಿಳಿ ಗುಂಡಿ, ಕಪ್ಪು ಗುಂಡಿ

ಕಾಪು ಪೇಟೆಯಲ್ಲಿ ಅಪ್ಪನದು ಚಿಕ್ಕ ಟೈಲರ್ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲಿ ಕುಳಿತು ರವಿಕೆಗಳಿಗೆ ಹುಕ್ಕು ಹಾಕುತ್ತಿದ್ದೆ. ಮಿಷನ್ ಎಣ್ಣೆಯ ವಾಸನೆ, ಮೀನಿನ ಬುಟ್ಟಿ ಹೊತ್ತು ಹೋಗುವ ಹೆಂಗಸರ ಕೂಗು, ಮಂಗಳೂರು ಬಸ್ಸಿನ ಹಾರ್ನು. ಎಪ್ಪತ್ತರ ದಶಕದ ಕೊನೆಯ ಆ ಸಂಜೆಗಳನ್ನು ನೆನೆದರೆ ಈಗಲೂ ಮನಸ್ಸು ಬೆಚ್ಚಗಾಗುತ್ತದೆ.

ನಾವು ನಾಲ್ವರು ಹೆಣ್ಣುಮಕ್ಕಳು, ನಾನೇ ಹಿರಿಯಳು. ಹೆಣ್ಣಿನಿಂದಲೇ ಸಂತತಿ ಲೆಕ್ಕ ಹಾಕುವ ಸುತ್ತಲಿನ ಅಳಿಯಕಟ್ಟಿನ ಮನೆಗಳಲ್ಲಿ ಹೆಣ್ಣು ಹುಟ್ಟಿದರೆ ಸಂಭ್ರಮ. ನಮ್ಮದು ಹಾಗಲ್ಲ. ಅಪ್ಪನ ತಾಯಿಗೆ ಮೊಮ್ಮಗ ಬೇಕಿತ್ತು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅಮ್ಮ ಮತ್ತೆ ಬಸುರಿಯಾದಳು. "ಈ ಸಲವಾದರೂ ಗಂಡು ಕೊಡ್ತೀಯಾ ಎಂತ?" ಎಂದು ಅಜ್ಜಿ ಕೇಳುವಾಗ ಅಮ್ಮ ತಲೆ ಎತ್ತದೆ ಮಸಾಲೆ ಕಡೆಯುತ್ತಿದ್ದಳು.

ಆ ವರ್ಷ ನಮ್ಮ ಶಾಲೆಗೆ ಕಾರ್ಕಳದ ಕಡೆಯಿಂದ ಹೊಸ ವಿಜ್ಞಾನ ಟೀಚರ್ ಬಂದಿದ್ದರು. ಅವರ ಮುಂಚಿನ ಮಾಸ್ಟ್ರು ಸಂತಾನೋತ್ಪತ್ತಿಯ ಪಾಠ ಬಂದೊಡನೆ, "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚುತ್ತಿದ್ದರಂತೆ. ಟೀಚರ್ ಹಾಗೆ ಮಾಡಲಿಲ್ಲ. ಹಿಂದಿನ ಬೆಂಚಿನ ಕಿಸಿಕಿಸಿ ನಗು ನಿಲ್ಲುವವರೆಗೆ ಕಾದು, ಬೋರ್ಡಿನ ಮೇಲೆ ಎಕ್ಸ್, ವೈ ವರ್ಣತಂತುಗಳನ್ನು ಬರೆದರು. ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ಕಡೆಯಿಂದ ಬರುವ ವರ್ಣತಂತುವಿನಿಂದ ತೀರ್ಮಾನವಾಗುತ್ತದೆ ಎಂದರು.

ಸಂಜೆ ಅಂಗಡಿಯಲ್ಲಿ ಅಪ್ಪನಿಗೆ ಹೇಳಿದೆ. ಅವರು ಮಿಷನ್ ತುಳಿಯುವುದನ್ನು ನಿಲ್ಲಿಸಿದರು. "ಪುಸ್ತಕದಲ್ಲಿ ಹಾಗೆ ಉಂಟಾ?"

ಕೆಲವು ದಿನಗಳಲ್ಲಿ ಟೀಚರ್ ರವಿಕೆ ಹೊಲಿಸಲು ಬಂದರು. ಅಳತೆ ಬರೆದುಕೊಂಡ ಅಪ್ಪ ತುಂಬ ಹೊತ್ತು ಪೆನ್ಸಿಲ್ ತಿರುಗಿಸುತ್ತ ನಿಂತು, ಕೊನೆಗೆ ಆ ಪಾಠದ ಮಾತು ನಿಜವೇ ಎಂದು ಕೇಳಿಯೇಬಿಟ್ಟರು. ಟೀಚರ್ ನಗಲಿಲ್ಲ. ಡಬ್ಬಿಯಿಂದ ಬಿಳಿ, ಕಪ್ಪು ಗುಂಡಿಗಳನ್ನು ತೆಗೆದು ಮೇಜಿನ ಮೇಲಿಟ್ಟರು.

"ತಾಯಿ ಕೊಡುವುದು ಯಾವಾಗಲೂ ಬಿಳಿ. ನಿಮ್ಮ ಹತ್ತಿರ ಬಿಳಿಯೂ ಉಂಟು, ಕಪ್ಪೂ ಉಂಟು. ನಿಮ್ಮಿಂದ ಬಿಳಿ ಹೋದರೆ ಹೆಣ್ಣು, ಕಪ್ಪು ಹೋದರೆ ಗಂಡು. ಈಗ ಕಣ್ಣು ಮುಚ್ಚಿ ಒಂದು ತೆಗೆಯಿರಿ."

ಅಪ್ಪ ತೆಗೆದದ್ದು ಬಿಳಿ. ಇನ್ನೊಮ್ಮೆ ತೆಗೆದರು, ಅದೂ ಬಿಳಿ.

"ಹಾಗಾದರೆ ತಪ್ಪು ನನ್ನದಾ?"

"ಕಣ್ಣು ಮುಚ್ಚಿ ತೆಗೆದದ್ದಲ್ವಾ? ಅದರಲ್ಲಿ ಯಾರ ತಪ್ಪೂ ಇಲ್ಲ."

ಅಂದು ಊಟಕ್ಕೆ ಕುಳಿತಾಗ ಅಜ್ಜಿ ಮತ್ತೆ ಮೊಮ್ಮಗನ ಮಾತೆತ್ತಿದಳು. ಅಪ್ಪ ತಟ್ಟೆಯಿಂದ ಕೈ ಎತ್ತಿ, "ಅಮ್ಮ, ಇನ್ನು ಅವಳನ್ನು ಕೇಳಬೇಡ. ಕೇಳುವುದಿದ್ದರೆ ನನ್ನನ್ನು ಕೇಳು" ಎಂದರು. ಅಜ್ಜಿ ಅರ್ಥವಾಗದೆ ಅವರನ್ನೇ ನೋಡಿದಳು. ನಾನು ಪಾಠ ಒಪ್ಪಿಸಿದೆ, ನಾಚಿಕೆಯಿಂದ ಅರ್ಧ ಮಾತು ನುಂಗುತ್ತ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸಾರಿನ ಪಾತ್ರೆ ಹಿಡಿದು ನಿಂತೇ ಇದ್ದಳು. ಅಜ್ಜಿ ಊಟ ಬಿಟ್ಟು ಎದ್ದು ಹೋದಳು. ಆ ಪ್ರಶ್ನೆ ಮಾತ್ರ ಮನೆಯಲ್ಲಿ ಮತ್ತೆ ಕೇಳಿಬರಲಿಲ್ಲ.

ಉಡುಪಿಯ ಆಸ್ಪತ್ರೆಯಲ್ಲಿ ಅಮ್ಮ ಹೆತ್ತದ್ದು ಹೆಣ್ಣನ್ನೇ. ಅಪ್ಪ ತಾವೇ ಪೇಟೆಯಲ್ಲೆಲ್ಲ ಲಾಡು ಹಂಚಿದರು. ಅಜ್ಜಿ ಮೊದಮೊದಲು ದೂರವೇ ಇದ್ದಳು. ಒಂದು ಬೆಳಿಗ್ಗೆ ತಾನಾಗಿ ಬಂದು ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕತೊಡಗಿದಳು. ಮೂಗನ್ನು ನೀವುತ್ತ ಅಪ್ಪನ ಕಡೆ ತಿರುಗಿ, "ಈ ಚಪ್ಪಟೆ ಮೂಗು ಸಹ ನೀನೇ ಕೊಟ್ಟದ್ದಾ ಮಾರಾಯ?" ಎಂದಳು.

ಅಮ್ಮ ನಕ್ಕುಬಿಟ್ಟಳು. ಅಜ್ಜಿಯ ಎದುರು ಅವಳು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.