ಗಿರಿಜೆಯ ಫೋಟೋ ಚೆನ್ನಾಗಿ ಬಂತು

ಎದುರುಮನೆಯ ಪಾರ್ವತಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾನು ತೆಗೆದ ಫೋಟೋ ಕೆಟ್ಟುಹೋಯಿತು ಅಂತಲ್ಲ, ಚೆನ್ನಾಗಿ ಬಂತು ಅಂತ.

ನನ್ನದು ಸೋಪಿನ ಡಬ್ಬಿಯಂಥ ಪ್ಲಾಸ್ಟಿಕ್ ಕ್ಯಾಮೆರಾ. ಫೋಕಸ್ ತಿರುಗಿಸುವ ಹಾಗಿಲ್ಲ, ಝೂಮ್ ಇಲ್ಲ. ಇದರಲ್ಲಿ ಕಲಿಯುವುದಾದರೂ ಏನು? ನಮ್ಮ ರಾಜೀವನಗರದಲ್ಲಿ ಬಹಳ ವರ್ಷ ಸ್ಟುಡಿಯೋ ನಡೆಸಿದ್ದ ಖಾದರ್ ಸಾಹೇಬರನ್ನು ಕೇಳಿದೆ.

"ಕ್ಯಾಮೆರಾ ಬುಡಿ ಮೇಡಂ, ಬೆಳಕು ಎಲ್ಲಿಂದ ಬರ್ತದೆ ನೋಡಿ. ನಾಲ್ಕಡಿಗಿಂತ ಹತ್ರ ಹೋಗ್ಬೇಡಿ, ಮಂಜಾಯ್ತದೆ. ಒತ್ತುವಾಗ ಉಸಿರು ಹಿಡ್ಕೊಳ್ಳಿ" ಎಂದರು. ಒಂದು ತಿಂಗಳು ರೀಲೇ ಹಾಕಲು ಬಿಡಲಿಲ್ಲ. (ನಮ್ಮ ಯಜಮಾನರಿಗೆ ಈ ಪದ್ಧತಿ ಬಹಳ ಹಿಡಿಸಿತು.)

ರೀಲು ಹಾಕಿದ ವಾರವೇ ಪಾರ್ವತಮ್ಮ ಬಂದರು. ಅವರ ಮಗಳು ಗಿರಿಜೆ ನರ್ಸರಿ ಟೀಚರ್. ಚಿಕ್ಕಂದಿನಲ್ಲಿ ಬಿಸಿನೀರು ಬಿದ್ದು ಎಡಗೆನ್ನೆಯ ಮೇಲೆ ಕಲೆ ಉಳಿದಿದೆ. ಪೇಟೆಯ ಸ್ಟುಡಿಯೋದವರು ಫೋಟೋದಲ್ಲಿ ಅದನ್ನು ಅಳಿಸಿ ಕೊಟ್ಟಿದ್ದರು. ಆ ಫೋಟೋ ನಂಬಿ ಎರಡು ಸಲ ಗಂಡಿನ ಕಡೆಯವರು ಬಂದು, ಹುಡುಗಿಯನ್ನು ನೋಡಿ, ಉಪ್ಪಿಟ್ಟು ತಿಂದು, ಮುಖ ಗಂಟಿಕ್ಕಿಕೊಂಡು ಎದ್ದು ಹೋಗಿದ್ದರು. ಆಮೇಲೆ ಗಿರಿಜೆ ಸ್ಟುಡಿಯೋ ಕಡೆ ತಲೆಹಾಕಿರಲಿಲ್ಲ.

"ಮನೇಲೇ ಒಂದು ತೆಕ್ಕೊಡ್ರೀ. ಕಡಕೊಳದ ಫ್ಯಾಕ್ಟರೀಲಿ ಕೆಲಸ ಹುಡುಗನಿಗೆ, ಒಳ್ಳೇ ಸಂಬಂಧ. ಕಲೆ ಒಂದು ಕಾಣ್ದೇ ಇದ್ರೆ ಸಾಕು" ಎಂದರು ಪಾರ್ವತಮ್ಮ.

ಗಿರಿಜೆಯನ್ನು ಕಿಟಕಿಯ ಪಕ್ಕ ಕೂರಿಸಿದೆ. ಬಲಗೆನ್ನೆ ಕಾಣುವ ಹಾಗೆ ತಿರುಗು ಎಂದೆ.

"ಬೇಡ ಅಕ್ಕ, ನೇರವಾಗೇ ತೆಗೀರಿ. ಬೇಡ ಅನ್ನೋರು ಉಪ್ಪಿಟ್ಟಿಗೆ ಮುಂಚೆನೇ ಅನ್ಲಿ."

ನೆರಳು ತಿಳಿಯಾಗಲೆಂದು ಇನ್ನೊಂದು ಪಕ್ಕದಲ್ಲಿ ಬಿಳಿ ಬೆಡ್‌ಶೀಟು ಹಿಡಿಸಿದೆ, ಗೊಣಗುತ್ತಿದ್ದ ಪಾರ್ವತಮ್ಮನ ಕೈಯಲ್ಲೇ. ಟೇಪಿನಲ್ಲಿ ನಾಲ್ಕಡಿ ಅಳೆದೆ. ಸ್ಕೂಲಿನ ಮಕ್ಕಳ ವಿಷಯ ಕೇಳಿದೆ. ಹೇಳುತ್ತ ಹೇಳುತ್ತ ನಕ್ಕಳು. ಉಸಿರು ಹಿಡಿದು ಒತ್ತಿದೆ.

ಪ್ರಿಂಟಿನಲ್ಲಿ ಕಲೆ ಇತ್ತು. ಆದರೆ ಕಣ್ಣು ಮೊದಲು ಹೋಗುತ್ತಿದ್ದದ್ದು ಆ ನಗುವಿಗೆ. ಗಿರಿಜೆ ತುಂಬ ಹೊತ್ತು ನೋಡಿದಳು. "ನಾನು ಹೀಗಿದೀನಾ ಅಕ್ಕ?" ಎಂದಳು.

ಕಡಕೊಳದವರೂ ನೋಡಿ ಒಪ್ಪಿದರು. "ಕಲೆ ಇದ್ರೂ ಪರವಾಗಿಲ್ಲ, ನಾವೇ ಅಡ್ಜಸ್ಟ್ ಮಾಡ್ಕೋತೀವಿ" ಎಂದು ಹೇಳಿಕಳಿಸಿದರು. ಪಾರ್ವತಮ್ಮ ತುಪ್ಪದ ದೀಪ ಹಚ್ಚಿದರು. ಗಿರಿಜೆ ಮಾತ್ರ ಫೋಟೋ ಕೈಗೆತ್ತಿಕೊಂಡು, "ಇದ್ರಲ್ಲಿ ಅಡ್ಜಸ್ಟ್ ಮಾಡ್ಕೊಳ್ಳೋ ಅಂಥದ್ದು ಏನಿದೆ ಅಮ್ಮ? ನನಗೆ ಈ ಸಂಬಂಧ ಬೇಡ" ಎಂದಳು.

"ಫೋಟೋ ತೆಗೀರಿ ಅಂದ್ರೆ ಮಗಳ ತಲೆ ಕೆಡಿಸ್ಬುಟ್ರಲ್ರೀ" ಎಂದು ನಮ್ಮ ಮನೆಗೇ ಬಂದು ರೇಗಿ ಪಾರ್ವತಮ್ಮ ಮೆಟ್ಟಿಲಿಳಿದು ಹೋದರು.

ಸಂಬಂಧಕ್ಕೆ ಕೊಡುವ ಫೋಟೋ ಹುಡುಗನ ಕಡೆಯವರ ಕಣ್ಣಿಗೆ ಮಾತ್ರ ಚೆನ್ನಾಗಿರಬೇಕು, ಹುಡುಗಿಯ ಕಣ್ಣಿಗಲ್ಲ ಎಂದು ನನಗೆ ಯಾರಾದರೂ ಮೊದಲೇ ಹೇಳಬಾರದಿತ್ತೇ?