ಮೀನು ಬೇಡ, ನೀರು ತನ್ನಿ

ಅವತ್ತು ಬಾಟಲಿಯ ಮುಚ್ಚಳ ಬಿಚ್ಚಲೇ ಇಲ್ಲವಲ್ಲ ಎಂಬ ಮಾತು ಮಾಯಮ್ಮನವರನ್ನು ಮೂರು ದಿನದಿಂದ ಒಳಗೊಳಗೇ ಕೊರೆಯುತ್ತಿದೆ. ಯಾರಿಗೂ ಹೇಳಿಲ್ಲ. ಹೇಳಿಕೊಳ್ಳುವ ಪೈಕಿಯೂ ಅಲ್ಲ ಅವರು.

ಬೆಳಗಿನ ಐದೂವರೆ. ರಾಮನಗರದ ಓಣಿಯೊಂದರಲ್ಲಿ ಮುಜೀಬ್ ಅವರ ಬಣ್ಣದ ಮೀನಿನ ಅಂಗಡಿಯ ಷಟರ್ ಅರ್ಧ ಎತ್ತಿದೆ. ದೀಪ ಹಾಕದೆಯೇ ಮಾಯಮ್ಮ ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಬಗ್ಗುತ್ತಾ ಹೋಗುತ್ತಾರೆ. ಬೊಗಸೆಯಲ್ಲಿ ನೀರೆತ್ತಿ ಮೂಗಿನ ಹತ್ತಿರ ಹಿಡಿಯುತ್ತಾರೆ, ಬೆರಳ ಸಂದಿಯಿಂದ ಸೋರಲು ಬಿಡುತ್ತಾರೆ, ಮುಂದಕ್ಕೆ ಹೋಗುತ್ತಾರೆ. ಹುಷಾರಿಲ್ಲದ ಮೀನು ಮೇಲೆ ಬಂದು ಬಾಯಿ ಬಿಡುವಾಗ ನೀರು ಪುಳಕ್ ಎನ್ನುತ್ತದೆ. ಆ ಸದ್ದಿಗಾಗಿಯೇ ಅವರು ಇಷ್ಟು ಬೇಗ ಬರುವುದು.

"ಹಗಲೊತ್ನಾಗೆ ಎಲ್ಲಾ ಮೀನೂ ಚೆನ್ನಾಗೇ ಕಾಣ್ತವೆ. ನೀರ್ನಾಗೆ ಗಾಳಿ ಕಮ್ಮಿ ಆಗೋದು ಬೆಳಗಿನ ಜಾವ. ಆಗ್ಲೇ ಅವುಗಳ ಕಷ್ಟ ಗೊತ್ತಾಗಾದು," ಎನ್ನುತ್ತಾರೆ.

ಅಂಗಡಿಯಲ್ಲಿ ಇಪ್ಪತ್ತಾರು ತೊಟ್ಟಿ. ಅವು ಮುಗಿದ ಮೇಲೆ ಬಸ್ಸು ಹಿಡಿದು ಊರೂರಿನ ತೊಟ್ಟಿಗಳು, ದಿನಕ್ಕೆ ಎಂಟೋ ಒಂಬತ್ತೋ. ಸೋಮವಾರ ಚನ್ನಪಟ್ಟಣ, ಮಂಗಳವಾರ ಮಾಗಡಿ, ಬುಧವಾರ ಕನಕಪುರ, ಗುರುವಾರ ಹಾರೋಹಳ್ಳಿ. ರಾಮನಗರ ಜಿಲ್ಲೆಯಾಗಿ ವರ್ಷವಾಗಿದೆಯಷ್ಟೆ. ಅಷ್ಟರಲ್ಲೇ ದಂತ ವೈದ್ಯರ ಕ್ಲಿನಿಕ್ಕು, ಚಿನ್ನದ ಅಂಗಡಿ, ಕಾರ್ಖಾನೆಯ ಆಫೀಸು ಎಲ್ಲೆಂದರಲ್ಲಿ ಗಾಜಿನ ತೊಟ್ಟಿಗಳು ಬಂದು ಕೂತಿವೆ. ವಾಸ್ತುವಿಗೆ ಒಳ್ಳೆಯದಂತೆ. ಮೀನು ಸತ್ತರೆ ವಾಸ್ತು ಕೆಟ್ಟಿತೆಂದು ಗಾಬರಿಯಾಗುವವರೂ ಇದ್ದಾರೆ. ಪ್ಲಾಸ್ಟಿಕ್ ಕವರಿನಲ್ಲಿ ತೇಲುಗಣ್ಣಿನ ಮೀನು ಹಿಡಿದು ಔಷಧಿ ಕೊಡಿ ಎಂದು ಓಡಿಬರುತ್ತಾರೆ. ಅವರಿಗೆಲ್ಲ ಮಾಯಮ್ಮನವರದು ಒಂದೇ ಉತ್ತರ: "ಮೀನು ಬ್ಯಾಡ ಕಣವ್ವ, ನೀರು ತಕ್ಕೊಂಡು ಬನ್ನಿ."

ಕೂಟಗಲ್ ಕಡೆಯ ಮಾಯಮ್ಮ ಹನ್ನೆರಡು ವರ್ಷ ಫಿಲೇಚರ್ ಕಾರ್ಖಾನೆಯಲ್ಲಿ ಗೂಡಿನಿಂದ ರೇಷ್ಮೆ ನೂಲು ಬಿಚ್ಚಿದವರು. ಕುದಿಯುವ ನೀರಿನಲ್ಲಿ ಗೂಡು ತಿರುವಿ ತಿರುವಿ ಬೆರಳ ಚರ್ಮ ಸುಲಿದು, ಕೊನೆಗೆ ಕೈಯಲ್ಲಿ ಎಳೆಯೇ ನಿಲ್ಲದಂತಾದಾಗ ಕೆಲಸ ಬಿಟ್ಟರು. ಮುಜೀಬ್ ಅಂಗಡಿಗೆ ಬಂದದ್ದು ತೊಟ್ಟಿ ತೊಳೆಯಲು. ಆ ವಾರ ಬ್ಲೀಚಿಂಗ್ ಪೌಡರ್ ಹಾಕಿದ ನಲ್ಲಿ ನೀರನ್ನು ನೇರವಾಗಿ ತುಂಬಿ, ನೂರಾರು ಮೀನು ಒಂದೇ ಮಧ್ಯಾಹ್ನ ಸತ್ತಿದ್ದವು. "ಈ ನೀರನ್ನ ಒಂದಿನ ಡ್ರಮ್ಮಿನಾಗೆ ಬುಟ್ಟು ನೋಡಿ ಸಾಬ್ರೆ," ಎಂದರಂತೆ ಹೊಸದಾಗಿ ಬಂದ ಮಾಯಮ್ಮ. ಬಿಟ್ಟು ನೋಡಿದರು. ಅಂದಿನಿಂದ ಅವರ ಕೈಗೆ ಪೊರಕೆ ಕೊಟ್ಟಿಲ್ಲ ಎಂದು ಮುಜೀಬ್ ನಗುತ್ತಾರೆ.

ಮಾಯಮ್ಮನವರ ಬ್ಯಾಗಿನಲ್ಲಿ ಥರ್ಮಾಮೀಟರು, ಒಂದು ಗಾಜಿನ ಕೊಳವೆ, ಎರಡು ಪುಟ್ಟ ಬಾಟಲಿ, ಒಂದು ಬಣ್ಣದ ಕಾರ್ಡು ಇರುತ್ತವೆ. ಕೊಳವೆಯಲ್ಲಿ ನೀರು ಹಿಡಿದು ಬಾಟಲಿಗಳಿಂದ ಎಣಿಸಿ ಹನಿ ಬಿಡಬೇಕು. ಹಳದಿಯಾಗೇ ಉಳಿದರೆ ಕ್ಷೇಮ. ಹಸಿರಿಗೆ ತಿರುಗಿದರೆ ತೊಟ್ಟಿಯಲ್ಲಿ ಏನೋ ಕೊಳೆತು ಅಮೋನಿಯ ಏರಿದೆ ಎಂದರ್ಥ. ನಮ್ಮ ಸೀಮೆಯಲ್ಲಿ ಅದಕ್ಕೆ ಮಾಮೂಲಿ ಕಾರಣ ನೂಲು ಬಿಚ್ಚಿದ ಮೇಲೆ ಉಳಿಯುವ ಹುಳ. ಪುಕ್ಕಟೆ ಸಿಗುತ್ತದೆ, ಮೀನು ಆಸೆಪಟ್ಟು ತಿನ್ನುತ್ತದೆ ಎಂದು ಜನ ಒಣಗಿಸಿ ಹಾಕಿಬಿಡುತ್ತಾರೆ. ಹುಳದ ಕೊಬ್ಬು ನೀರಿನ ಮೇಲೆ ಎಣ್ಣೆಪೊರೆಯಾಗಿ ನಿಲ್ಲುತ್ತದೆ, ಮಿಕ್ಕದ್ದು ಕೊಳೆಯುತ್ತದೆ.

ಕಾರಣ ಯಾವುದೇ ಇರಲಿ, ಅವರು ಯಾರನ್ನೂ ಬೆಟ್ಟು ಮಾಡಿ ತೋರಿಸುವುದಿಲ್ಲ. ಚನ್ನಪಟ್ಟಣದ ಮನೆಯೊಂದರಲ್ಲಿ ಐದು ವರ್ಷದ ಸಾನಾ ಎಂಬ ಹುಡುಗಿ ಮೀನಿಗೆ ಸ್ನಾನವಾಗಲೆಂದು ತೊಟ್ಟಿಗೆ ಸೋಪಿನ ಪುಡಿ ಹಾಕಿದ್ದಳು. ಮಾಯಮ್ಮ ನೊರೆ ನೋಡಿದರು, ಮಗುವಿನ ಮುಖ ನೋಡಿದರು. "ನೀರು ಒಸಿ ಕೆಟ್ಟೈತೆ, ಬದಲಾಯಿಸಾನ," ಎಂದಷ್ಟೇ ಹೇಳಿ ಬಕೆಟ್ ಎತ್ತಿಕೊಂಡರು.

ಅಂಥವರು ಒಂದೇ ಒಂದು ಸಲ ಹೆಸರು ಹಿಡಿದು ಹೇಳಿದ್ದಾರೆ. ಮೂರು ವಾರದ ಹಿಂದೆ, ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಆಫೀಸಿನಲ್ಲಿ. ಎಂಟು ಗೋಲ್ಡ್‌ಫಿಶ್ ಸತ್ತು ತೇಲುತ್ತಿದ್ದವು, ನೀರಿನ ಮೇಲೆ ಎಣ್ಣೆಪೊರೆ. ಬಸ್ಸಿಗೆ ಹೊತ್ತಾಗಿತ್ತು, ಬ್ಯಾಗಿನಿಂದ ಬಾಟಲಿ ತೆಗೆಯಲಿಲ್ಲ. "ಬಾಲರಾಜಣ್ಣ ಹುಳ ಹಾಕವ್ನೆ," ಎಂದರು, ಮ್ಯಾನೇಜರ್ ಎದುರಿಗೇ. ಬಾಲರಾಜು ಅಲ್ಲಿನ ಅಟೆಂಡರು, ಮೂರು ವರ್ಷದಿಂದ ಆ ಮೀನುಗಳಿಗೆ ಕಾಳು ಹಾಕುತ್ತಿದ್ದವರು. ಮರುದಿನವೇ ಅವರನ್ನು ಗೇಟು ಕಾಯುವ ಕೆಲಸಕ್ಕೆ ಹಾಕಿದರು. ಮೊನ್ನೆ ಸೋಮವಾರ ಫೋನು ಬಂತು: ಬಾಲರಾಜು ತೊಟ್ಟಿಯ ಹತ್ತಿರವೂ ಸುಳಿದಿಲ್ಲ, ಆದರೂ ಇನ್ನು ಆರು ಮೀನು ಸತ್ತಿವೆ.

ಇವತ್ತು ಗುರುವಾರ. ಹೊರಡುವಾಗ ಮುಜೀಬ್ ಟೀ ಲೋಟ ಕೈಗಿಟ್ಟು ಹೇಳುತ್ತಾರೆ, "ಮಾಯಕ್ಕ, ಏನಾದ್ರೂ ಆಗಿರ್ಲಿ, ಸರಿ ಮಾಡ್ಬಿಟ್ಟು ಬನ್ನಿ. ತಪ್ಪಾಯ್ತು ಅಂತ ಮಾತ್ರ ಬಾಯಿಬಿಡಬ್ಯಾಡಿ. ಈ ಅಂಗಡಿ ನಿಂತಿರೋದೇ ನಿಮ್ಮ ಮೂಗಿನ ಮ್ಯಾಲೆ."

"ಮೂಗಿಗೂ ವಯಸ್ಸಾಯ್ತದೆ ಸಾಬ್ರೆ," ಎಂದು ಮಾಯಮ್ಮ ಟೀ ಕುಡಿಯುತ್ತಾರೆ.

ಕಾರ್ಖಾನೆಯ ಗೇಟಿನಲ್ಲಿ ಬಾಲರಾಜು ಲಾರಿ ನಂಬರು ಬರೆದುಕೊಳ್ಳುತ್ತಿದ್ದಾರೆ. ಮುಖ ಬಿಸಿಲಿಗೆ ಕಪ್ಪಿಟ್ಟಿದೆ.

"ಬಾರಮ್ಮ ಮೀನ್ ಡಾಕ್ಟ್ರೇ. ಇನ್ನೂ ಆರು ಹೋದ್ವಂತೆ. ಆ ಬಾಲ ಮುರಿದಿತ್ತಲ್ಲ, ಕುಂಟಿ, ಅದೂ ಹೋಯ್ತಾ?"

"ನೋಡಿಲ್ಲ ಕಣಣ್ಣ. ದಿಟ ಹೇಳು, ಹುಳ ಹಾಕಿದ್ದಾ ನೀನು?"

"ಹಾಕಿದ್ದೆ. ಒಂದೇ ಸಲ, ಒಂದು ಚಿಟಿಕೆ. ದಿನಾ ಅದೇ ಕಾಳು ತಿಂತವಲ್ಲ, ಹಬ್ಬದ ಮಾರನೇ ದಿನ ಅವಕ್ಕೂ ಒಂದು ಬಾಡೂಟ ಆಗ್ಲಿ ಅಂತ."

"ಯಾವ ಹಬ್ಬ?"

"ಯುಗಾದಿ."

ಯುಗಾದಿ ಕಳೆದು ಆಗಲೇ ಮೂರು ತಿಂಗಳು. ಮಾಯಮ್ಮ ಬ್ಯಾಗನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾರೆ. "ಮತ್ತೆ ಅವತ್ತು ಯಾಕೆ ಸುಮ್ಕಿದ್ದೆ?"

"ನೀನೇ ಹೇಳಿದ ಮ್ಯಾಲೆ ನಾನೇ ಕೊಂದೆ ಅಂದ್ಕಂಡೆ," ಎನ್ನುತ್ತಾರೆ ಬಾಲರಾಜು, ಹಾರ್ನ್ ಹೊಡೆಯುತ್ತಿರುವ ಲಾರಿಯತ್ತ ತಿರುಗುತ್ತಾ.

ಒಳಗೆ ಉಳಿದಿರುವುದು ಎರಡೇ ಮೀನು. ಎರಡೂ ಅಡ್ಡಡ್ಡ ವಾಲುತ್ತಿವೆ. ಕುಂಟಿ ಇಲ್ಲ. ಮಾಯಮ್ಮ ನೆಲಕ್ಕೆ ಕೂತು ಕೊಳವೆಯಲ್ಲಿ ನೀರು ಹಿಡಿದು, ಎಣಿಸಿ ಹನಿ ಬಿಟ್ಟು ಕಾಯುತ್ತಾರೆ. ಐದು ನಿಮಿಷ. ಹತ್ತು ನಿಮಿಷ. ನೀರು ಹಳದಿಯಾಗೇ ಇದೆ. ಕೊಳೆತದ್ದು ಏನೂ ಇಲ್ಲ, ಹುಳವೂ ಇಲ್ಲ. ಎಣ್ಣೆಪೊರೆ ಮಾತ್ರ ಇದೆ. ಬಿಳಿ ಬಟ್ಟೆಯ ಚೂರನ್ನು ಅದರ ಮೇಲೆ ಎಳೆದು ಮೂಸುತ್ತಾರೆ. ಫಿಲೇಚರ್‌ನ ಹುಳದ ವಾಸನೆ ಅಲ್ಲ ಅದು.

ಕಣ್ಣು ಗಾಳಿಯ ಟ್ಯೂಬಿನ ಮೇಲೆ ಹೋಗುತ್ತದೆ. ತೊಟ್ಟಿಯಿಂದ ಹೊರಟ ಟ್ಯೂಬು ಗೋಡೆಯಲ್ಲಿ ಕೊರೆದ ತೂತಿನೊಳಗೆ ನುಗ್ಗಿದೆ. ಪಕ್ಕದ ಕಿಟಕಿಯಿಂದ ಇಣುಕಿದರೆ, ಗೋಡೆಯ ಆಚೆ ಹೊಸ ಶೆಡ್ಡು. ಅಲ್ಲಿ ಕಬ್ಬಿಣದ ಸಾಮಾನುಗಳಿಗೆ ಸ್ಪ್ರೇ ಪೇಂಟು ಹೊಡೆಯುತ್ತಿದ್ದಾರೆ. ಅದೇ ಗೋಡೆಗೆ ಮೊಳೆ ಹೊಡೆದು ಗಾಳಿಯ ಪಂಪನ್ನು ನೇತುಹಾಕಿದ್ದಾರೆ. ಅದು ಆ ಗಾಳಿಯನ್ನೇ ಎಳೆದು ಮೀನಿನ ನೀರಿಗೆ ಊದುತ್ತಿದೆ.

"ಅದು ಗುರ್ರ್ ಅಂತ ಸದ್ದು ಮಾಡ್ತಿತ್ತಮ್ಮ, ಫೋನಲ್ಲಿ ಮಾತಾಡಕ್ಕಾಗ್ತಿರಲಿಲ್ಲ. ಅದಕ್ಕೆ ನಾನೇ ಆಚೆ ಇಡಿಸ್ದೆ, ಎರಡು ತಿಂಗಳಾಯ್ತು," ಎನ್ನುತ್ತಾರೆ ಹಿಂದೆ ಬಂದು ನಿಂತ ಮ್ಯಾನೇಜರ್.

ಮಾಯಮ್ಮ ತೊಟ್ಟಿಯತ್ತ ಬಗ್ಗುತ್ತಾರೆ. ಟ್ಯೂಬಿನ ತುದಿಯನ್ನು ನೀರಿನಿಂದ ಮೇಲೆತ್ತಿ, ಮ್ಯಾನೇಜರ್ ಮೂಗಿನ ಹತ್ತಿರ ಹಿಡಿಯುತ್ತಾರೆ.

"ಥತ್, ಪೇಂಟು," ಎಂದು ಅವರು ಹಿಂದಕ್ಕೆ ಸರಿಯುತ್ತಾರೆ. ಆಮೇಲೆ ನಗುತ್ತಾರೆ. "ಸರಿ ಬಿಡು, ಪಂಪು ಒಳಗೇ ಹಾಕಿಸ್ತೀನಿ. ನಿಮ್ ಸಾಬ್ರಿಗೆ ಹೇಳಿ ಹೊಸ ಮೀನು ಕಳಿಸು. ಭಾರೀ ಚುರುಕು ಕಣಮ್ಮ ನೀನು."

ಮಾಯಮ್ಮ ಉಳಿದ ಎರಡು ಮೀನನ್ನು ತಾವು ತಂದಿದ್ದ ಒಳ್ಳೆ ನೀರಿನ ಡಬ್ಬಕ್ಕೆ ಬಿಟ್ಟು, ಬ್ಯಾಗು ಹೆಗಲಿಗೇರಿಸುತ್ತಾರೆ. ಮ್ಯಾನೇಜರ್ ಆಗಲೇ ಫೋನು ಎತ್ತಿಕೊಂಡಿದ್ದಾರೆ. ಬಾಲರಾಜು ಹೆಸರು ಯಾರ ಬಾಯಲ್ಲೂ ಬಂದಿಲ್ಲ. ಬಾಗಿಲವರೆಗೆ ಹೋದ ಮಾಯಮ್ಮ ಅಲ್ಲೇ ನಿಲ್ಲುತ್ತಾರೆ. ಸಾಹುಕಾರರ ಮುಂದೆ ತಾವಾಗಿ ಮಾತು ತೆಗೆದ ಅಭ್ಯಾಸ ಅವರಿಗಿಲ್ಲ. ಮ್ಯಾನೇಜರ್ ಮಾತು ಮುಗಿಸಿ, ಇವರಿನ್ನೂ ನಿಂತಿರುವುದನ್ನು ಕಂಡು ಹುಬ್ಬೇರಿಸುತ್ತಾರೆ. "ಇನ್ನೇನಮ್ಮ?"

"ಬಾಲರಾಜಣ್ಣಂದು ಏನೂ ತಪ್ಪಿರ್ಲಿಲ್ಲ ಸಾರ್. ಅವತ್ತು ನಾನು ನೀರು ಪರೀಕ್ಷೆ ಮಾಡದೇನೇ ಅವನ ಹೆಸರು ಹೇಳ್ಬುಟ್ಟೆ."