ಅವ್ವನ ಜೋಗುಳದ ಸಣ್ಣ ಗಾಂಧಾರ

ತಂಗಿಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಗೊತ್ತಾದಾಗ ಅವ್ವ ಫೋನಿನಲ್ಲಿ ನನ್ನನ್ನು ಕೇಳಿದ್ದು ಒಂದೇ ಮಾತು.

"ನಿನ್ನ ಪಿಟೀಲಿನ್ಯಾಗ ನನ್ನ ಜೋಗುಳ ಬರ್ತೈತೇನ್ಲೇ?"

"ಬರ್ತೈತಿ ಬಿಡವ್ವ," ಅಂದುಬಿಟ್ಟೆ.

ಬರುತ್ತಿರಲಿಲ್ಲ. ಆ ಜೋಗುಳವನ್ನು ಅವ್ವ ತನ್ನ ಅವ್ವನಿಂದ ಕಲಿತಿದ್ದಳು. ಅದರ ಸ್ವರಗಳನ್ನು ಯಾರೂ ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ನಾನೋ, ಬರೆದದ್ದನ್ನು ಬಾಯಿಪಾಠ ಮಾಡಿಯೇ ಮೇಲೆ ಬಂದವಳು. ಬಾದನಹಟ್ಟಿಯ ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲು. ಹಗಲೆಲ್ಲ ಮೆಣಸಿನಕಾಯಿ ಬಿಡಿಸಿ, ಉರಿಯುವ ಕೈಗಳಲ್ಲೇ ಪುಸ್ತಕ ಹಿಡಿದು ಓದಿದ್ದೇನೆ. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಸಿರುಗುಪ್ಪದಲ್ಲಿ ಶಿಕ್ಷಕಿಯಾಗಿ ಕೆಲಸ ಸಿಕ್ಕ ಮೇಲೆ ಆಸೆಪಟ್ಟು ಪಿಟೀಲು ಕೊಂಡೆ. ಭಾನುವಾರಗಳಂದು ಬಳ್ಳಾರಿಗೆ ಹೋಗಿ ಕಲಿಯತೊಡಗಿದೆ.

ಕಲಿಸುವವರು ಬ್ಯಾಂಕಿನ ಗುಮಾಸ್ತೆ ಕೆಲಸದಿಂದ ನಿವೃತ್ತರಾದ, ವೈಷ್ಣವರ ಮನೆಯ ಹೆಣ್ಣುಮಗಳು. ವೀಣೆಗಿರುವಂತೆ ಪಿಟೀಲಿಗೆ ಮೆಟ್ಟುಗಳಿಲ್ಲ. ಬೆರಳನ್ನು ಎಲ್ಲಿ ಒತ್ತಬೇಕೆಂಬುದಕ್ಕೆ ಗುರುತೇ ಇಲ್ಲ. ನಾನು ಒಂದು ಉಪಾಯ ಹುಡುಕಿದ್ದೆ. ಹಣೆಗೆ ಹಚ್ಚುವ ಸಣ್ಣ ಟಿಕಳಿಗಳನ್ನು ತಂತಿಗಳ ಕೆಳಗಿನ ಕಪ್ಪು ಪಟ್ಟಿಗೆ ಅಂಟಿಸಿಕೊಂಡಿದ್ದೆ: ರಿಷಭಕ್ಕೆ ಕೆಂಪು, ಗಾಂಧಾರಕ್ಕೆ ಹಸಿರು, ಕಪ್ಪಿನ ಮೇಲೆ ಕಪ್ಪು ಕಾಣದೆಂದು ಮಧ್ಯಮಕ್ಕೆ ಬೆಳ್ಳಿ ಬಣ್ಣದ್ದು.

ಗುರುಗಳು ಕನ್ನಡಕ ಏರಿಸಿ ನೋಡಿದರು. "ಏನಮ್ಮಾ ಇದು, ಪಿಟೀಲಿಗೆ ಮದುವಿ ಮಾಡೀಯೇನು?"

"ಗುರ್ತಿಗ್ರೀ. ತೊಟ್ಟಿಲ ದಿನ ಅವ್ವನ ಜೋಗುಳ ಬಾರ್ಸಬೇಕು."

"ಗುರ್ತು ಕಿವಿಯಾಗ ಇರಬೇಕು. ಬಣ್ಣ ನೋಡಿ ಬಾರ್ಸಿದ್ರ ನಿಮ್ಮವ್ವನ ಹಾಡಿಗೆ ಬಣ್ಣ ಎಲ್ಲಿಂದ ತರ್ತೀ?" ಎನ್ನುತ್ತಲೇ ಉಗುರಿನಿಂದ ಟಿಕಳಿಗಳನ್ನೆಲ್ಲ ಕಿತ್ತರು.

ಅಂದಿನಿಂದ ಪಾಠವೇ ಬದಲಾಯಿತು. ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಹಿಂದಿನಿಂದ ಮೊದಲು ಷಡ್ಜ, ಆಮೇಲೆ ಇನ್ನೊಂದು ಸ್ವರ ನುಡಿಸುತ್ತಿದ್ದರು. "ಎಷ್ಟು ದೂರ ಹೋತು, ಹೇಳು." ಪಂಚಮ ಬೇಗ ಸಿಕ್ಕಿತು, ಷಡ್ಜದ ಪಕ್ಕದಲ್ಲಿ ಅದು ಒಂದೇ ಚಾಪೆಯ ಮೇಲೆ ಕೂತ ಹಾಗೆ ಕೇಳುತ್ತದೆ. ನನ್ನನ್ನು ಕಾಡಿದ್ದು ಗಾಂಧಾರ. ಅದರಲ್ಲಿ ನನ್ನ ಕಿವಿಗೆ ಕಲಸಿಹೋಗುತ್ತಿದ್ದವು ಎರಡು: ಅಂತರ ಗಾಂಧಾರ ದೊಡ್ಡದು, ಸಾಧಾರಣ ಗಾಂಧಾರ ಅದಕ್ಕಿಂತ ಅರ್ಧ ಸ್ವರದಷ್ಟು ಕೆಳಗೆ ನಿಲ್ಲುವ ಸಣ್ಣದು. ನಾನು ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದವರಂತೆ ಒಂದು ಸಲ ದೊಡ್ಡದು, ಒಂದು ಸಲ ಸಣ್ಣದು ಅನ್ನುತ್ತಿದ್ದೆ.

"ಇದು ಬಿಟ್ಟ ಸ್ಥಳ ತುಂಬೋದಲ್ಲ ತಾಯಿ," ಎಂದು ಅವರು ನಕ್ಕರು. "ಮೊದಲು ಬಾಯಾಗ ಹಾಡು. ಗಂಟಲಿಗೆ ಗೊತ್ತಾಗದ್ದು ಬೆರಳಿಗೆ ಗೊತ್ತಾಗಂಗಿಲ್ಲ."

ಅವ್ವನ ಜೋಗುಳವನ್ನು ಎರಡು ಸಲ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಒಂದರಲ್ಲಿ ತಗ್ಗಿನಲ್ಲಿ ಶುರು ಮಾಡಿದ್ದಳು, ಇನ್ನೊಂದರಲ್ಲಿ ಎತ್ತರದಲ್ಲಿ. ಗುರುಗಳಿಗೆ ಕೇಳಿಸಿ, "ಅವ್ವ ಶ್ರುತಿ ತಪ್ಪತಾಳ್ರೀ," ಅಂದೆ.

ಅವರು ಎರಡನ್ನೂ ಮತ್ತೆ ಮತ್ತೆ ಕೇಳಿದರು. "ತಪ್ಪಿಲ್ಲ. ಓಣಿ ಬ್ಯಾರೆ ಆಗ್ಯದ, ಮನಿಯಿಂದ ಮನಿಗೆ ದೂರ ಅಷ್ಟೇ ಅದ. ನೀನು ಆಕಿ ಷಡ್ಜ ಹಿಡಿ, ಉಳಿದದ್ದು ತಾನೇ ಸಿಗ್ತದ."

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಸಣ್ಣಗೆ ಹಾಡಿಕೊಳ್ಳತೊಡಗಿದೆ. ಷಡ್ಜ, ಗಾಂಧಾರ. ಷಡ್ಜ, ಗಾಂಧಾರ. ಎಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸದು ಅಂದುಕೊಂಡಿದ್ದೆ. ಕಂಡಕ್ಟರ್ ಪಕ್ಕದಲ್ಲೇ ನಿಂತಿದ್ದ.

"ಟೀಚರ್, ಮೊದ್ಲು ಆಧಾರ್ ತೋರ್ಸ್ರಿ, ಫ್ರೀ ಟಿಕೆಟ್ ತಗೊಳ್ರಿ, ಆಮ್ಯಾಲೆ ಕಛೇರಿ ನಡೆಸ್ರಿ."

ಬಸ್ಸೆಲ್ಲ ನಕ್ಕಿತು. ನಾಚಿಕೆಯಾದರೂ ನಾನು ಬಿಡಲಿಲ್ಲ. ಮುಂದಿನ ಭಾನುವಾರಗಳಲ್ಲೂ ಹಾಡಿಕೊಂಡೇ ಬಂದೆ. ಹಾಗೆ ಒಂದು ಸಂಜೆ ತೆಕ್ಕಲಕೋಟೆ ದಾಟುವ ಹೊತ್ತಿಗೆ ಎರಡೂ ಗಾಂಧಾರಗಳು ಕಿವಿಯಲ್ಲಿ ಬೇರೆಯಾದವು. ದೊಡ್ಡ ಗಾಂಧಾರ ಎದ್ದು ನೆಟ್ಟಗೆ ನಿಂತ ಹಾಗೆ. ಸಣ್ಣದು ಏಳಲು ಹೋಗಿ, ಮೊಣಕಾಲ ಮೇಲೆ ಕೈಯೂರಿ ಒಂದು ಗಳಿಗೆ ತಡೆದ ಹಾಗೆ. ಅವ್ವನ ಹಾಡಿನಲ್ಲಿ ಇರುವುದು ಆ ಸಣ್ಣದೇ. ಇಷ್ಟು ದಿನ ಕೇಳಿದ್ದೆ, ಈಗ ಕೇಳಿಸಿತು.

ತೊಟ್ಟಿಲ ದಿನ ಕುರುಗೋಡಿನಲ್ಲಿ ಬಸ್ಸಿಳಿದು ಆಟೋ ಹಿಡಿದು ಊರು ಮುಟ್ಟಿದೆ. ಪಡಸಾಲೆಯ ತುಂಬ ಹೆಂಗಸರು. ಅವ್ವ ಸೆರಗು ಸರಿಮಾಡಿಕೊಂಡು ತೊಟ್ಟಿಲ ಹಗ್ಗ ಹಿಡಿದಳು.

"ಯವ್ವಾ, ಮೊದ್ಲು ಒಂದೀಟು ಗುನುಗು," ಅಂದೆ.

"ಯಾಕಲೇ, ನನಗ ಪರೀಕ್ಷಿ ಇಡ್ತೀಯೇನು?"

"ಮಾಸ್ತರಣಿ ನೋಡು, ಹೆತ್ತವ್ವನ್ನೂ ಬಿಡಂಗಿಲ್ಲ," ಎಂದು ಚಿಕ್ಕವ್ವ ಕಾಲೆಳೆದಳು.

ಅವ್ವ ಗುನುಗಿದಳು. ಜನರನ್ನು ನೋಡಿ ಉಮೇದು ಬಂದಿತ್ತೋ ಏನೋ, ಎರಡೂ ರೆಕಾರ್ಡಿಗಿಂತ ಎತ್ತರದಲ್ಲಿತ್ತು. ಬಿರಡೆ ತಿರುಗಿಸಿ ಅವಳ ಷಡ್ಜಕ್ಕೆ ತಂತಿ ಏರಿಸಿದೆ, ಪಂಚಮ ಕೂಡಿಸಿದೆ. ಹಾಡು ಶುರುವಾಯಿತು. ಗಾಂಧಾರದ ಹತ್ತಿರ ಬೆರಳು ಮೊದಲ ಸಲ ತುಸು ಮೇಲೆ ಬಿತ್ತು. ಕಿವಿ ತಕ್ಷಣ ಬೇಡವೆಂದಿತು, ಕೆಳಗೆ ಜಾರಿಸಿದೆ. ಎರಡನೆಯ ಸಲ ಸರಿಯಾದ ಜಾಗಕ್ಕೇ ಬಿತ್ತು.

ಆಮೇಲೆ ಅವ್ವ ನನಗೆ ಗೊತ್ತಿಲ್ಲದ ನುಡಿಯೊಂದನ್ನು ಎತ್ತಿಕೊಂಡಳು. ಫೋನಿನಲ್ಲಿ ಅದು ಇರಲಿಲ್ಲ. ಧಾಟಿ ಪಂಚಮವನ್ನೂ ದಾಟಿ ಮೇಲೆ ಹೋಯಿತು. ಕಣ್ಣು ಮುಚ್ಚಿ ಅವಳ ದನಿಯ ಹಿಂದೆ ಹಿಂದೆಯೇ ಹೋದೆ. ಒಂದೆರಡು ಕಡೆ ತಪ್ಪಿತು, ಉಳಿದ ಕಡೆ ಸಿಕ್ಕಿತು. ಅವ್ವ ನನಗಾಗಿ ಎಲ್ಲೂ ನಿಲ್ಲಲಿಲ್ಲ, ನಿಲ್ಲುವ ಅಗತ್ಯವೂ ಬೀಳಲಿಲ್ಲ.

ಹಾಡು ಮುಗಿದಾಗ ಕೂಸು ಕಣ್ಣು ಪಿಳಿಪಿಳಿ ಬಿಡುತ್ತಿತ್ತು.

"ಇದು ಮಲಗೋ ಪೈಕಿ ಅಲ್ಲ," ಎಂದಳು ಅವ್ವ ನನ್ನ ಕಡೆ ತಿರುಗಿ. "ಇನ್ನೂ ಭಾಳ ನುಡಿ ಅದಾವು. ಬಾರ್ಸು."

ನಾನು ಕಮಾನು ಎತ್ತಿದೆ.